ಅಂಗೈ ಮೇಲಿನ ಲಾರಿ, ಬಾಗಿಲ ಮೇಲಿನ ಲೆಕ್ಕ

ಪ್ರೆಸ್ಟನ್, ಇಂಗ್ಲೆಂಡ್

ಅಕ್ಕಿ ಗಿರಣಿಯ ಅಂಗಳದಲ್ಲಿ, ಎಪಿಎಂಸಿ ಯಾರ್ಡಿನಲ್ಲಿ, ಹೆದ್ದಾರಿ ಬದಿಯ ಹೋಟೆಲಿನ ಮುಂದೆ ‘ಅಶೋಕ್ ಲೇಲ್ಯಾಂಡ್’ ಎಂಬ ಹೆಸರನ್ನು ಓದದ ಕನ್ನಡಿಗರು ಇರಲಾರರು. ಅದರಲ್ಲಿ ‘ಅಶೋಕ್’ ಎಂಬುದು ಕಂಪನಿ ಕಟ್ಟಿದ ರಘುನಂದನ್ ಸರಣ್ ಅವರ ಮಗನ ಹೆಸರು. ‘ಲೇಲ್ಯಾಂಡ್’ ಒಂದು ಊರಿನ ಹೆಸರು. ಇಂಗ್ಲೆಂಡಿನ ಲ್ಯಾಂಕಾಷೈರ್ ಕೌಂಟಿಯಲ್ಲಿ, ನಾವು ವಾಸವಿರುವ ಪ್ರೆಸ್ಟನ್‌ನಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಸಣ್ಣ ಪಟ್ಟಣ ಅದು. 1896ರಲ್ಲಿ ಅಲ್ಲಿ ‘ಲ್ಯಾಂಕಾಷೈರ್ ಸ್ಟೀಮ್ ಮೋಟಾರ್ ಕಂಪನಿ’ ಶುರುವಾಯಿತು. ಮೊದಲು ತಯಾರಿಸಿದ್ದು ಹಬೆಯಿಂದ ಓಡುವ, ಒಂದೂವರೆ ಟನ್ ಹೊರುವ ವ್ಯಾನ್. 1907ರಲ್ಲಿ ಕಂಪನಿ ಊರಿನ ಹೆಸರನ್ನೇ ಇಟ್ಟುಕೊಂಡಿತು. ಆ ಊರಿನಲ್ಲಿ ಲಾರಿ ತಯಾರಿಕೆ ಇಂದಿಗೂ ನಡೆಯುತ್ತಿದೆ.

ಊರಿನ ಕಿಂಗ್ ಸ್ಟ್ರೀಟ್‌ನಲ್ಲಿ ಬ್ರಿಟಿಷ್ ಕಮರ್ಷಿಯಲ್ ವೆಹಿಕಲ್ ಮ್ಯೂಸಿಯಂ ಇದೆ. ಅಲ್ಲಿ ರಾಜರ ಕಾರುಗಳಿಲ್ಲ, ರೇಸಿನ ಕಾರುಗಳೂ ಇಲ್ಲ. ಇರುವುದೆಲ್ಲ ದುಡಿದು ನಿವೃತ್ತವಾದ ಲಾರಿ, ವ್ಯಾನ್, ಬಸ್ಸುಗಳು. ಅವುಗಳನ್ನೇ ಅಂಗೈ ಅಗಲಕ್ಕೆ ಇಳಿಸಿ ಮಾದರಿ ಮಾಡುವ ಹವ್ಯಾಸಿಗಳು ಈ ದೇಶದಲ್ಲಿ ಬಹಳ ಮಂದಿ. ಚಳಿಗಾಲದ ವಾರಾಂತ್ಯಗಳಲ್ಲಿ ಶಾಲೆಯ ಹಾಲ್, ಚರ್ಚ್ ಹಾಲ್‌ಗಳಲ್ಲಿ ಉದ್ದುದ್ದ ಮೇಜು ಹಾಕಿ ಪ್ರದರ್ಶನ ನಡೆಸುತ್ತಾರೆ. ಮಕ್ಕಳ ಕೈ ಹಿಡಿದು ಹೋದ ನಾವೂ ಈಗ ಆ ಮೇಜಿನ ಆಚೆ ಬದಿಗೆ ಸೇರಿದ್ದೇವೆ. ಹಗಲೆಲ್ಲ ಬ್ಯಾಲೆನ್ಸ್ ಶೀಟ್ ನೋಡುವ ವೃತ್ತಿ ನಮ್ಮದು. ಈ ಪುಟ್ಟ ಲಾರಿಗಳಲ್ಲಿ ನಮಗೆ ಕಂಡದ್ದೂ ಒಂದು ಬಗೆಯ ಲೆಕ್ಕವೇ. ಊರಿನಲ್ಲಿರುವ ನಮ್ಮವರಿಗೂ ಅದರಲ್ಲಿ ಒಂದು ಪಾಲು ಇದೆ ಎಂಬ ಕಾರಣಕ್ಕೆ ಈ ಬರಹ.

ಆಟಿಕೆಯಲ್ಲ, ಅಳತೆ

ಮಾದರಿಗೆ ಮೊದಲು ಬೇಕಾದದ್ದು ಪ್ರಮಾಣ, ಅಂದರೆ ಸ್ಕೇಲ್. 1:76 ಎಂದರೆ ನಿಜವಾದ ಲಾರಿಯ 76 ಮಿಲಿಮೀಟರ್ ಮಾದರಿಯಲ್ಲಿ ಒಂದು ಮಿಲಿಮೀಟರ್. ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಎಂಬುದು ಇಲ್ಲಿನ ಆಟಿಕೆ ರೈಲುಗಳ ಲೆಕ್ಕ. ರೈಲು ನಿಲ್ದಾಣದ ಪಕ್ಕ ನಿಲ್ಲಿಸುವ ಲಾರಿಯೂ ಅದೇ ಅಳತೆಗೆ ಬಂತು. 1:43 ಡಬ್ಬಿಯಲ್ಲಿ ಬರುವ ಲೋಹದ ಮಾದರಿಗಳ ಅಳತೆ. 1:32 ಹೊಲ, ಟ್ರ್ಯಾಕ್ಟರ್, ದನಕರುಗಳ ಅಳತೆ. 1:24 ಕಿಟ್ ತಂದು ಕೈಯಾರೆ ಕಟ್ಟುವವರ ಅಳತೆ.

ಒಂದು ಉದಾಹರಣೆ ನೋಡಿ. ಬೆಡ್‌ಫೋರ್ಡ್ ಕಂಪನಿಯ ‘ಓ’ ಸರಣಿಯ ಉದ್ದದ ಲಾರಿಯಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 157 ಇಂಚು, ಅಂದರೆ ಸುಮಾರು ನಾಲ್ಕು ಮೀಟರ್. 1:76ರಲ್ಲಿ ಅದು 52 ಮಿ.ಮೀ., 1:24ರಲ್ಲಿ 166 ಮಿ.ಮೀ. ಇದರಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಲಾರಿ ಕಣ್ಣಿಗೆ ‘ಏನೋ ಸರಿ ಇಲ್ಲ’ ಅನ್ನಿಸುತ್ತದೆ. ಮಗಳಿಗೆ ಅನುಪಾತದ ಲೆಕ್ಕ ಅರ್ಥವಾದದ್ದು ಪಠ್ಯಪುಸ್ತಕದಿಂದಲ್ಲ, ಈ ಚಕ್ರಗಳ ಅಂತರದಿಂದ.

ಬೆಂಕಿಪೊಟ್ಟಣದೊಳಗಿನ ಲಾರಿ

ಈ ಹವ್ಯಾಸದ ಬೇರು ಇರುವುದು ಲಿವರ್‌ಪೂಲ್‌ನಲ್ಲಿ. ಫ್ರಾಂಕ್ ಹಾರ್ನ್‌ಬಿ ಅವರ ಮೆಕ್ಯಾನೊ ಕಂಪನಿ 1933ರ ಕೊನೆಯಲ್ಲಿ ತನ್ನ ಆಟಿಕೆ ರೈಲಿನ ಜೊತೆಗೆ ಇಡಲೆಂದು ಆರು ವಾಹನಗಳ ಒಂದು ಸೆಟ್ ತಂದಿತು. ಎರಡು ಕಾರು, ಒಂದು ಲಾರಿ, ಒಂದು ಡೆಲಿವರಿ ವ್ಯಾನ್, ಒಂದು ಟ್ರ್ಯಾಕ್ಟರ್, ಒಂದು ಯುದ್ಧದ ಟ್ಯಾಂಕ್. ಮರುವರ್ಷ ಅವಕ್ಕೆ ‘ಡಿಂಕಿ ಟಾಯ್ಸ್’ ಎಂಬ ಹೆಸರು ಬಂತು. ಅಂದರೆ ಮೊದಲ ದಿನದಿಂದಲೇ ಹೊಲದ ಗಾಡಿಯೂ ಅಂಗಡಿಯ ಗಾಡಿಯೂ ಕಾರಿನ ಪಕ್ಕದಲ್ಲೇ ಇದ್ದವು.

ಡೆಲಿವರಿ ವ್ಯಾನ್‌ಗಳು ಬೇಗ ಜನಪ್ರಿಯವಾದವು. ಅಚ್ಚು ಒಂದೇ, ಬದಿಯ ಬಣ್ಣವನ್ನೂ ಹೆಸರನ್ನೂ ಬದಲಿಸಿದರೆ ಹೊಸ ವ್ಯಾನ್. ಅದೇ ಟ್ರೋಜನ್ ವ್ಯಾನ್ ಒಮ್ಮೆ ಎಸ್ಸೊ ಪೆಟ್ರೋಲಿನದು, ಒಮ್ಮೆ ಡನ್‌ಲಪ್ ಟೈರಿನದು, ಇನ್ನೊಮ್ಮೆ ಬ್ರೂಕ್ ಬಾಂಡ್ ಚಹಾದ್ದು. ಊರಿನ ಕಿರಾಣಿ ಅಂಗಡಿಯಲ್ಲಿ ಕಂಡ ಹೆಸರನ್ನು ಇಲ್ಲಿ ಕೆಂಪು ವ್ಯಾನಿನ ಮೇಲೆ ಕಂಡಾಗ ನಮಗೆ ಬಂಧುಗಳನ್ನು ಕಂಡಷ್ಟು ಖುಷಿ.

ಲಂಡನ್ನಿನ ಲೆಸ್ನಿ ಕಂಪನಿಯ ಕತೆ ಇನ್ನೂ ಸೊಗಸು. ಅದರ ಎಂಜಿನಿಯರ್ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಎಂಬ ನಿಯಮವಿತ್ತು. ಅಪ್ಪ ಪೊಟ್ಟಣದೊಳಗೆ ಕೂರುವ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಹುಟ್ಟಿದ್ದು ಹಾಗೆ. 1956ರಲ್ಲಿ ಅದೇ ಕಂಪನಿ ಹಳೆಯ ವಾಹನಗಳಿಗೆಂದೇ ‘ಮಾಡೆಲ್ಸ್ ಆಫ್ ಎಸ್ಟರ್‌ಇಯರ್’ ಎಂಬ ಸರಣಿ ತೆರೆಯಿತು. ಅದರ ಆರಂಭದ ಮಾದರಿಗಳಲ್ಲಿ ಹಬೆ ಲಾರಿ ಇತ್ತು, ಜೇಕಬ್ಸ್ ಬಿಸ್ಕತ್ತಿನ ಹೆಸರು ಹೊತ್ತ 1914ರ ಲೇಲ್ಯಾಂಡ್ ವ್ಯಾನ್ ಕೂಡ ಇತ್ತು. ಡಿಂಕಿಯ ಕೆಲವು ಹಳೆಯ ಅಚ್ಚುಗಳು ಮುಂದೆ ಕಲ್ಕತ್ತಕ್ಕೆ ಬಂದು ‘ನಿಕ್ಕಿ ಟಾಯ್ಸ್’ ಎಂಬ ಹೆಸರಿನಲ್ಲಿ ನಮ್ಮ ದೇಶದ ಮಕ್ಕಳ ಕೈಗೂ ಸಿಕ್ಕವು.

ಕೆಲವೇ ಪೆನ್ಸ್‌ಗೆ ಮಾರಾಟವಾದ ಈ ವ್ಯಾನ್‌ಗಳ ಇಂದಿನ ಬೆಲೆ ಕೇಳಿದರೆ ಲೆಕ್ಕದವರಾದ ನಮಗೂ ಕಣ್ಣು ಬಿಡುವಂತಾಗುತ್ತದೆ. ಯುದ್ಧಕ್ಕೆ ಮುಂಚಿನ ಒಂದು ಡಿಂಕಿ ವ್ಯಾನ್, ಲಂಡನ್ನಿನ ಡಬ್ಲ್ಯು. ಇ. ಬಾಯ್ಸ್ ಎಂಬ ಸೈಕಲ್ ಅಂಗಡಿಯ ಹೆಸರಿನದು, 2008ರ ಹರಾಜಿನಲ್ಲಿ ಸುಮಾರು 20 ಸಾವಿರ ಪೌಂಡ್‌ಗೆ ಹೋಯಿತು. ಆ ಕಾಲದ ಸತು ಮಿಶ್ರಲೋಹದಲ್ಲಿ ಸೀಸ ಬೆರೆತಿದ್ದರೆ ವರ್ಷ ಕಳೆದಂತೆ ಅದು ಬಿರುಕು ಬಿಟ್ಟು ಪುಡಿಯಾಗುತ್ತದೆ. ಉಳಿದವು ಕಡಿಮೆ, ಅದಕ್ಕೇ ಬೆಲೆ ಹೆಚ್ಚು.

ಬಾಗಿಲ ಮೇಲೆ ಬರೆದದ್ದು

ಕಾರಿನ ಮಾದರಿ ಮಾಡುವವರಿಗೆ ಕಂಪನಿಯ ಬಣ್ಣದ ಪಟ್ಟಿ ಸಾಕು. ಲಾರಿ ಹಾಗಲ್ಲ. ಕಾರ್ಖಾನೆಯಿಂದ ಬರುವುದು ಬಹಳ ಸಲ ಚಾಸಿ ಮಾತ್ರ. ಅದರ ಮೇಲಿನ ಬಾಡಿಯನ್ನು ಆಯಾ ಊರಿನ ಬಡಗಿ, ಕಮ್ಮಾರರು ಕಟ್ಟುತ್ತಾರೆ. ಬಣ್ಣ, ಅಕ್ಷರ, ಮಾಲೀಕರ ಹೆಸರು, ಊರು ಎಲ್ಲ ಬೇರೆ ಬೇರೆ. ಒಂದೇ ವರ್ಷ ಒಂದೇ ಕಾರ್ಖಾನೆಯಿಂದ ಬಂದ ಎರಡು ಲಾರಿಗಳು ಒಂದೇ ರೀತಿ ಇರುವುದಿಲ್ಲ.

ಬ್ರಿಟನ್ನಿನಲ್ಲಿ 1933ರ ರಸ್ತೆ ಮತ್ತು ರೈಲು ಸಂಚಾರ ಕಾಯ್ದೆ ಲಾರಿಗಳನ್ನು ಎ, ಬಿ, ಸಿ ಎಂದು ಮೂರು ಲೈಸೆನ್ಸುಗಳಲ್ಲಿ ವಿಂಗಡಿಸಿತು. ‘ಎ’ ಎಂದರೆ ಬೇರೆಯವರ ಸರಕನ್ನು ಬಾಡಿಗೆಗೆ ಸಾಗಿಸುವ ಲಾರಿ. ‘ಸಿ’ ಎಂದರೆ ಸ್ವಂತ ಸರಕನ್ನು ಮಾತ್ರ ಸಾಗಿಸುವ ಬೇಕರಿ, ಡೇರಿ, ಕಲ್ಲಿದ್ದಲು ವ್ಯಾಪಾರಿಯ ಲಾರಿ. ‘ಬಿ’ ಎರಡಕ್ಕೂ ನಡುವಿನದು. ಇಲ್ಲಿನ ಮಾದರಿಗಾರರು ಆ ಲೈಸೆನ್ಸಿನ ಪುಟ್ಟ ಬಿಲ್ಲೆಯನ್ನೂ ಗಾಜಿನ ಮೂಲೆಯಲ್ಲಿ ಅಂಟಿಸುತ್ತಾರೆ. ಗಂಟೆಗೆ 20 ಮೈಲಿ ಮೀರುವಂತಿಲ್ಲದ ಭಾರಿ ಲಾರಿಯಾದರೆ ಹಿಂದುಗಡೆ ‘20’ ಎಂದು ಬರೆದ ಬಿಳಿ ಬಿಲ್ಲೆ ಬೇಕೇ ಬೇಕು. 1930ರ ದಶಕದಲ್ಲಿ ಖಾಲಿ ತೂಕ ಎರಡೂವರೆ ಟನ್ ದಾಟದ ಲಾರಿಗೆ 30 ಮೈಲಿ ವೇಗಕ್ಕೆ ಅನುಮತಿ ಇತ್ತು. ಹಾಗಾಗಿ ತಯಾರಕರು ಹಗುರ ಲಾರಿಗಳ ಹಿಂದೆ ಬಿದ್ದರು. ತೂಕದ ಗಾಡಿಗಳ ಮೇಲೆ ತೆರಿಗೆಯೂ ಏರಿತು. ಬಾಯ್ಲರ್, ನೀರು, ಕಲ್ಲಿದ್ದಲು ಹೊತ್ತ ಹಬೆ ಲಾರಿಗಳು ರಸ್ತೆಯಿಂದ ಮರೆಯಾದವು. ಲಾರಿಯ ಆಕಾರದ ಹಿಂದೆ ತೆರಿಗೆ ಇಲಾಖೆಯ ಕೈಯೂ ಇದೆ ಎಂಬುದು ನಮ್ಮ ವೃತ್ತಿಯವರಿಗೆ ಸ್ವಾರಸ್ಯದ ಸಂಗತಿ.

ಇದನ್ನು ಓದುವಾಗ ನಿಮಗೂ ಏನೋ ನೆನಪಾಗಿರಬೇಕು. ಹೌದು, ನಮ್ಮ ಲಾರಿಗಳ ಹಣೆಯ ಮೇಲಿದ್ದ ‘ಪಬ್ಲಿಕ್ ಕ್ಯಾರಿಯರ್’. ಭಾರತದ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಪಬ್ಲಿಕ್ ಕ್ಯಾರಿಯರ್, ಪ್ರೈವೇಟ್ ಕ್ಯಾರಿಯರ್ ಎಂಬ ಎರಡು ಪರ್ಮಿಟ್‌ಗಳಿದ್ದವು. ಬಾಡಿಗೆ ಸರಕಿಗೆ ಒಂದು, ಸ್ವಂತ ಸರಕಿಗೆ ಇನ್ನೊಂದು. 1988ರ ಕಾಯ್ದೆ ಬಂದ ಮೇಲೆ ಆ ಭೇದ ಹೋಯಿತು. ಬಣ್ಣದ ಅಂಗಡಿಯವರು ಮಾತ್ರ ಅಭ್ಯಾಸಬಲದಿಂದ ಬಹಳ ಕಾಲ ಅದನ್ನೇ ಬರೆಯುತ್ತಿದ್ದರು. ನಂಬರ್ ಪ್ಲೇಟಿನಲ್ಲಿ ‘ಎಂವೈ’ ಎಂದಿದ್ದರೆ ಮೈಸೂರು ರಾಜ್ಯದ ಕಾಲ, ‘ಕೆಎ’ ಎಂದಿದ್ದರೆ ಈಚಿನದು. ಲಾರಿಯ ಮೈ ಓದಲು ಬಂದರೆ ಅದೇ ಒಂದು ಲೆಕ್ಕಪುಸ್ತಕ.

ತುಕ್ಕಿಗೂ ಕಾರಣ ಬೇಕು

ಹೋದ ಚಳಿಗಾಲದಲ್ಲಿ ನಾವು ಕೈಗೆತ್ತಿಕೊಂಡದ್ದು 1:24 ಅಳತೆಯ ಬೆಡ್‌ಫೋರ್ಡ್ ‘ಓ’ ಲಾರಿಯ ಪ್ಲಾಸ್ಟಿಕ್ ಕಿಟ್. 1939ರಿಂದ 1953ರವರೆಗೆ ಲಂಡನ್ನಿನ ಉತ್ತರಕ್ಕಿರುವ ಲೂಟನ್ ಪ್ರದೇಶದಲ್ಲಿ ತಯಾರಾದ, ಗುಂಡು ಮೂತಿಯ ಈ ಲಾರಿ ಯುದ್ಧಾನಂತರದ ಬ್ರಿಟಿಷ್ ಹಳ್ಳಿಗಳ ಎತ್ತಿನಂತಿತ್ತು. ಹುಲ್ಲು, ಗೊಬ್ಬರ, ದನ, ಹಾಲು ಎಲ್ಲವನ್ನೂ ಹೊತ್ತಿತು. ನಾವು ಅದನ್ನು ಹಾಲಿನ ಲಾರಿಯಾಗಿ ಕಟ್ಟಿದೆವು.

ಇಲ್ಲಿನ ರೈತರು ಹತ್ತು ಗ್ಯಾಲನ್, ಅಂದರೆ ಸುಮಾರು 45 ಲೀಟರ್ ಹಿಡಿಸುವ ಕ್ಯಾನ್‌ಗಳನ್ನು ರಸ್ತೆ ಬದಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಕಟ್ಟೆಯ ಎತ್ತರ ಲಾರಿಯ ಹಲಗೆಯ ಎತ್ತರಕ್ಕೆ ಸಮ. ಕ್ಯಾನನ್ನು ಎತ್ತಬೇಕಿಲ್ಲ, ಉರುಳಿಸಿದರೆ ಸಾಕು. 1979ರಲ್ಲಿ ಈ ಪದ್ಧತಿ ನಿಂತು ಟ್ಯಾಂಕರ್‌ಗಳೇ ಉಳಿದವು. ನಮ್ಮ ಹಳ್ಳಿಯ ಹಾಲಿನ ಡೇರಿಯ ಮುಂದೆ ಸಾಲು ಕ್ಯಾನ್ ಕಂಡವರಿಗೆ ಈ ಚಿತ್ರ ವಿವರಿಸಬೇಕಿಲ್ಲ.

ಲಾರಿಯ ಹಲಗೆಗೆ ನಾವು ಬಳಸಿದ್ದು ಕಾಫಿ ಕಲಕುವ ಮರದ ಕಡ್ಡಿ. ಸುಮಾರು ಆರು ಮಿಲಿಮೀಟರ್ ಅಗಲದ ಕಡ್ಡಿ 1:24ರಲ್ಲಿ ಆರಿಂಚಿನ ಹಲಗೆಗೆ ಹತ್ತಿರ. ತಾಡಪಾಲಿಗೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಒಣಗುವ ಮುಂಚೆ ಮಡಿಕೆ ಬೀಳಿಸಬೇಕು. ಬಾಗಿಲ ಮೇಲಿನ ಅಕ್ಷರಗಳು ನೀರಿನಲ್ಲಿ ನೆನೆಸಿ ಜಾರಿಸುವ ಚಿತ್ರಗಳು. ಹೊಳೆಯುವ ಬಣ್ಣದ ಮೇಲೆ ಅವನ್ನು ಕೂರಿಸಿ, ಆಮೇಲೆ ಮಂದ ವಾರ್ನಿಷ್ ಹೊಡೆದರೆ ಅಂಚು ಕಾಣುವುದಿಲ್ಲ. ಕಿಟ್, ಬಣ್ಣ, ಅಂಟು ಎಲ್ಲ ಸೇರಿ ನಮ್ಮ ಖರ್ಚು 60 ಪೌಂಡ್ ದಾಟಲಿಲ್ಲ. ಸಮಯ ಹಿಡಿದದ್ದು ಮೂರು ತಿಂಗಳ ಶನಿವಾರಗಳು.

ನಿಜವಾದ ಪರೀಕ್ಷೆ ಇರುವುದು ಸವೆತ ತೋರಿಸುವುದರಲ್ಲಿ. ಸ್ಪಂಜಿನ ತುಂಡಿಗೆ ಕಂದು ಬಣ್ಣ ತಾಗಿಸಿ ಒತ್ತಿದರೆ ತುಕ್ಕಿನ ಚುಕ್ಕೆ ಬರುತ್ತದೆ. ಆದರೆ ಎಲ್ಲಿ ಒತ್ತಬೇಕು? ಪ್ರದರ್ಶನದಲ್ಲಿ ಪರಿಚಯವಾದ ಒಬ್ಬ ನಿವೃತ್ತ ಲಾರಿ ಚಾಲಕರು ಹೇಳಿದ್ದು ಇಷ್ಟೇ: ಪ್ರತಿ ತುಕ್ಕಿನ ಕಲೆಗೂ ಒಂದು ಕೆಲಸದ ಕಾರಣ ಇರಬೇಕು. ಡ್ರೈವರ್ ದಿನಕ್ಕೆ ನೂರು ಸಲ ಹತ್ತಿಳಿಯುವ ಬದಿಯ ಮೆಟ್ಟಿಲಲ್ಲಿ ಬಣ್ಣ ಹೋಗುತ್ತದೆ, ಆಚೆ ಬದಿಯಲ್ಲಿ ಅಷ್ಟು ಹೋಗುವುದಿಲ್ಲ. ನೀರು ನಿಲ್ಲುವ ಬಾಗಿಲ ತಳದಲ್ಲಿ ತುಕ್ಕು. ಕ್ಯಾನ್ ಎಳೆದ ದಾರಿಯಲ್ಲಿ ಹಲಗೆ ನುಣುಪು. ಹೊಲದ ಮಣ್ಣು ಹಿಂದಿನ ಚಕ್ರದ ಒಳಬದಿಯಲ್ಲಿ. ಕಾರಣವಿಲ್ಲದೆ ಎಲ್ಲೆಡೆ ತುಕ್ಕು ಬಳಿದರೆ ಅದು ಲಾರಿಯಲ್ಲ, ಬರೀ ಕೊಳೆ. ವೋಚರ್ ಇಲ್ಲದ ಖರ್ಚನ್ನು ಒಪ್ಪದ ನಮಗೆ ಈ ಮಾತು ತಕ್ಷಣ ಹಿಡಿಸಿತು.

ಮಂಗಳೂರಿಗೆ ಬಂದ ನಾಲ್ಕು ಕಾಮೆಟ್

ಲೇಲ್ಯಾಂಡ್ ಊರಿಗೂ ಕರಾವಳಿಗೂ ಒಂದು ನೇರ ನಂಟಿದೆ. 1948ರಲ್ಲಿ ಆರಂಭವಾದ ಅಶೋಕ್ ಮೋಟರ್ಸ್ ಮೊದಲು ಜೋಡಿಸಿದ್ದು ಆಸ್ಟಿನ್ ಕಾರುಗಳನ್ನು. 1950ರಲ್ಲಿ ಲೇಲ್ಯಾಂಡ್ ಜೊತೆ ಒಪ್ಪಂದವಾಯಿತು. ಮದರಾಸಿನ ಎಣ್ಣೂರಿನಲ್ಲಿ ಜೋಡಣೆಯಾದ ಮೊದಲ ಲೇಲ್ಯಾಂಡ್ ಚಾಸಿಗಳು ನಾಲ್ಕು ‘ಕಾಮೆಟ್’ ಟಿಪ್ಪರ್‌ಗಳು. ಅವನ್ನು ಕೊಂಡದ್ದು ಮಂಗಳೂರಿನ ಹೆಂಚಿನ ಕಾರ್ಖಾನೆ. 1955ರಲ್ಲಿ ಕಂಪನಿಗೆ ‘ಅಶೋಕ್ ಲೇಲ್ಯಾಂಡ್’ ಎಂಬ ಹೆಸರು ಬಂತು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ ಊರಿನಲ್ಲಿ, ಭಾರತದಲ್ಲಿ ಜೋಡಿಸಿದ ಲೇಲ್ಯಾಂಡ್‌ಗಳ ದುಡಿಮೆ ಶುರುವಾಯಿತು.

ಈ ಕಾಮೆಟ್ ಟಿಪ್ಪರ್ ನಮ್ಮ ಮುಂದಿನ ಮಾದರಿ. ಇಂಗ್ಲೆಂಡಿನ ಕಾಮೆಟ್‌ನ ಚಾಸಿ ಅಳತೆಗೆ ಇಲ್ಲಿ ಪುಸ್ತಕಗಳಿವೆ, ಚಿತ್ರಗಳಿವೆ. ಆದರೆ ಮಂಗಳೂರಿನ ಟಿಪ್ಪರಿನ ಬಾಗಿಲ ಮೇಲೆ ಏನು ಬರೆದಿತ್ತು, ಮಣ್ಣು ತುಂಬುವ ತೊಟ್ಟಿ ಎಷ್ಟು ಎತ್ತರವಿತ್ತು, ಬಣ್ಣ ಯಾವುದು ಎಂಬುದು ಲ್ಯಾಂಕಾಷೈರಿನ ಕ್ಯಾಟಲಾಗಿನಲ್ಲಿ ಇರುವಂಥದ್ದಲ್ಲ. ಅದು ಇರಬೇಕಾದದ್ದು ಕಾರ್ಖಾನೆಯಲ್ಲಿ ದುಡಿದವರ ಮನೆಯ ಆಲ್ಬಮ್ಮಿನಲ್ಲಿ.

ತಾತನ ಲಾರಿ

ಮನೆಯ ಆಲ್ಬಮ್ ಎಷ್ಟು ಹೇಳಬಲ್ಲದು ಎಂಬುದು ನಮಗೆ ಗೊತ್ತಾದದ್ದು ನಮ್ಮ ಮಾವನವರಿಂದ. ಸಕಲೇಶಪುರದ ಕಡೆಯವರು. 1970ರ ದಶಕದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ, ಮುಂದೆ ಬಾನೆಟ್ ಇದ್ದ ಟಾಟಾ–ಬೆಂಜ್ ಲಾರಿ ಇತ್ತು ಅವರಲ್ಲಿ. ಕಾಫಿ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತಿತ್ತು. ಟಾಟಾ ಮತ್ತು ಜರ್ಮನಿಯ ಡೈಮ್ಲರ್–ಬೆಂಜ್ 1954ರಲ್ಲಿ ಕೈಜೋಡಿಸಿ 1969ರವರೆಗೆ ಜೊತೆಗಿದ್ದವು. ಆಮೇಲಿನ ಲಾರಿಗಳಲ್ಲಿ ಬೆಂಜ್ ನಕ್ಷತ್ರದ ಜಾಗಕ್ಕೆ ‘ಟಿ’ ಬಂತು. ಫೋಟೊದಲ್ಲಿ ನಕ್ಷತ್ರ ಕಾಣುತ್ತದೆ. ಹಾಗಾಗಿ ಲಾರಿಯ ವಯಸ್ಸು ಗೊತ್ತಾಯಿತು.

ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮಗ ಅರ್ಧ ಕಟ್ಟಿದ ಮಾದರಿಯನ್ನು ತೋರಿಸಿದ. ‘ಊಟ ಆಯ್ತಾ, ಚಳಿ ಹೇಗಿದೆ’ ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಆ ದಿನ ಮುಕ್ಕಾಲು ಗಂಟೆ ನಡೆಯಿತು.

‘ಪುಟ್ಟಾ, ಆ ಕಡೆ ಕನ್ನಡಿ ಇರ್ಲಿಲ್ಲ ಕಣೋ. ಘಾಟಿನಲ್ಲಿ ಬಂಡೆಗೆ ತಾಗಿ ಹೋಗಿತ್ತು. ಕ್ಲೀನರ್ ಹುಡುಗನೇ ತಲೆ ಆಚೆ ಹಾಕಿ ನೋಡ್ತಿದ್ದ.’

‘ತಾತ, ಹಲಗೆ ಏನು ಬಣ್ಣ?’

‘ಹೊರಗೆ ಹಸಿರು. ಒಳಗೆ ಬಣ್ಣ ಯಾರು ಹೊಡೀತಾರೆ? ಮೂಟೆ ಉಜ್ಜಿ ಉಜ್ಜಿ ಮರ ಕನ್ನಡಿ ಥರ ಆಗಿತ್ತು.’

ಆ ಕ್ಲೀನರ್ ಹುಡುಗ ಆಮೇಲೆ ಡ್ರೈವರ್ ಆದದ್ದು, ಮಳೆಗಾಲದಲ್ಲಿ ಘಾಟಿ ಕುಸಿದಾಗ ಮೂರು ರಾತ್ರಿ ಲಾರಿಯಲ್ಲೇ ಅನ್ನ ಬೇಯಿಸಿಕೊಂಡದ್ದು, ಲಾರಿಯ ಸಾಲ ತೀರಿದ ವರ್ಷವೇ ಮಗಳ ಕಾಲೇಜು ಫೀಸು ಕಟ್ಟಿದ್ದು — ಎಲ್ಲ ಒಂದೊಂದಾಗಿ ಬಂದವು. ಆ ಮಗಳೇ ಈಗ ನಮ್ಮ ಮನೆಯೊಡತಿ. ಅಪ್ಪನ ಬಾಯಲ್ಲಿ ಫೀಸಿನ ವಿಷಯ ಅವರೂ ಕೇಳಿದ್ದು ಅಂದೇ ಮೊದಲು. ಕೇಳಲು ನಮಗೆ ಒಂದು ನೆಪ ಬೇಕಿತ್ತು, ಹೇಳಲು ಅವರಿಗೂ.

ಆ ಲಾರಿ ಇಂದಿಲ್ಲ, 1990ರ ದಶಕದಲ್ಲೇ ಗುಜರಿಗೆ ಹೋಯಿತು. ಇದು ಒಂದು ಮನೆಯ ಮಾತಲ್ಲ. ಆದಾಯ ತೆರಿಗೆಯ ನಿಯಮದಲ್ಲಿ ಬಾಡಿಗೆಗೆ ಓಡುವ ಲಾರಿಗೆ ವರ್ಷಕ್ಕೆ ಶೇ 30ರಷ್ಟು ಸವಕಳಿ. ಪುಸ್ತಕದಲ್ಲಿ 100 ರೂಪಾಯಿ ಇದ್ದ ಲಾರಿ ಹತ್ತು ವರ್ಷದಲ್ಲಿ ಮೂರು ರೂಪಾಯಿಗಿಂತ ಕೆಳಗೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಗಾಡಿಯನ್ನು ವ್ಯಾಪಾರಕ್ಕೆ ಬಳಸದಿದ್ದರೆ ರಸ್ತೆ ತೆರಿಗೆಯಿಂದ ವಿನಾಯಿತಿ ಸಿಗುತ್ತದೆ, ಲಾರಿಗೂ ಸಿಗುತ್ತದೆ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಲಾರಿ ಆ ಪಟ್ಟಿಯಲ್ಲಿಲ್ಲ. ಮಹಾರಾಜರ ಕಾರು ಉಳಿಯುತ್ತದೆ. ಅಡಿಕೆ, ಬೆಲ್ಲ, ಹತ್ತಿ, ಭತ್ತ ಹೊತ್ತು ಎಷ್ಟೋ ಮನೆಗಳ ಮಕ್ಕಳನ್ನು ಓದಿಸಿದ ಲಾರಿ ಉಳಿಯುವುದಿಲ್ಲ.

ನೀವು ಮಾಡಬಹುದಾದದ್ದು

ಹೊಲದ ಅಂಚಿನಲ್ಲೋ ಗ್ಯಾರೇಜಿನ ಹಿಂದೋ ಹಳೆಯ ಲಾರಿ ನಿಂತಿದ್ದರೆ ಮೊಬೈಲ್ ತೆಗೆದುಕೊಂಡು ಹೋಗಿ. ಮುಂದೆ, ಹಿಂದೆ, ಎರಡು ಬದಿ ನೇರವಾಗಿ ನಿಂತು ಫೋಟೊ ತೆಗೆಯಿರಿ. ಓರೆಯಾಗಿ ತೆಗೆದರೆ ಅಳತೆ ಸಿಗುವುದಿಲ್ಲ. ಆಮೇಲೆ ಡ್ರೈವರ್ ಸೀಟು, ಡ್ಯಾಶ್‌ಬೋರ್ಡ್, ಹಲಗೆಯ ಒಳಬದಿ. ಬಡಗಿಯ ಟೇಪಿನಿಂದ ಐದು ಅಳತೆ ಸಾಕು: ಚಕ್ರದಿಂದ ಚಕ್ರಕ್ಕೆ, ಬಾಡಿಯ ಉದ್ದ, ಅಗಲ, ನೆಲದಿಂದ ಹಲಗೆಯ ಎತ್ತರ, ಒಂದು ಹಲಗೆಯ ಅಗಲ. ಟೈರಿನ ಮೇಲಿನ ಸಂಖ್ಯೆ ಬರೆದುಕೊಳ್ಳಿ.

ಲಾರಿ ಇಲ್ಲದಿದ್ದರೆ ಅಲಮಾರಿ ನೋಡಿ. ಆರ್‌ಸಿ ಪುಸ್ತಕದಲ್ಲಿ ತಯಾರಾದ ವರ್ಷ, ವೀಲ್‌ಬೇಸ್, ಖಾಲಿ ತೂಕ, ಬಾಡಿಯ ಬಗೆ ಎಲ್ಲ ಇರುತ್ತದೆ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುವ ಮುಂಚೆ ಲಾರಿ ಮುಂದೆ ನಿಂತು ತೆಗೆಸಿದ ಫೋಟೊ ಎಷ್ಟೋ ಮನೆಗಳಲ್ಲಿದೆ. ಅದರ ಹಿಂದೆ ಪೆನ್ಸಿಲಿನಲ್ಲಿ ವರ್ಷ, ನಿಂತವರ ಹೆಸರು ಬರೆದಿಡಿ. ಹಳೆಯ ಡ್ರೈವರ್, ಕ್ಲೀನರ್ ಇದ್ದರೆ ಕೂರಿಸಿ ಮಾತಾಡಿಸಿ, ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬಣ್ಣವನ್ನು ಫೋಟೊ ಹೇಳುವುದಿಲ್ಲ, ಅವರು ಹೇಳುತ್ತಾರೆ.

ಪರದೇಶದಲ್ಲಿರುವ ಮಕ್ಕಳಿಗೆ ಅದನ್ನು ಕಳಿಸಿಕೊಡಿ. ಅವರು ಮಾದರಿ ಮಾಡದಿದ್ದರೂ ಚಿಂತೆಯಿಲ್ಲ, ಯಾವ ದುಡಿಮೆಯ ಹಣದಲ್ಲಿ ತಾವು ಓದಿದೆವು ಎಂಬುದಾದರೂ ತಿಳಿಯುತ್ತದೆ. ಗುಜರಿಗೆ ಹೋದ ಲಾರಿಯನ್ನು ಮರಳಿ ತರಲಾಗದು. ಹೋಗುವ ಮುಂಚೆ ಟೇಪು ಹಿಡಿಯಲು ಬೇಕಾದದ್ದು ಹತ್ತೇ ನಿಮಿಷ.